ಓದದೆ ಬಿಟ್ಟ ಕೊಡ

ಕಾಲುವೆಗೆ ನೀರು ನಿಲ್ಲಿಸಿದ ಮರುದಿನ ಬೆಳಿಗ್ಗೆ ಏಳುವ ವಾಸನೆ ಒಂದಿತ್ತು. ಹಸಿ ಹೂಳು, ಪಾಚಿ, ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡು ಸತ್ತ ಸಣ್ಣ ಮೀನು, ಕಬ್ಬಿನ ಗರಿ ಉದುರಿ ಕೊಳೆತ ರವದಿ, ಯಾರದೋ ಕೈಜಾರಿದ ಸಾಬೂನಿನ ತುಂಡು, ಎಲ್ಲಾ ಕೂಡಿದ ವಾಸನೆ. ಹೊಸಪೇಟೆಯ ಕಾಲುವೆ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಎಷ್ಟು ಬಿಡಿಸಿ ಹೇಳಿದರೂ ಅದು ಬರೀ ನಾತ. ನನಗೆ ಮಾತ್ರ ಚಳಿಗಾಲ ಅಂದರೆ ಅದೇ. ಈಗ ಕಾಲುವೆಗೆ ಅಡಿಯಿಂದ ದಂಡೆಯ ತನಕ ಕಾಂಕ್ರೀಟು ಬಂದಿದೆ. ನೀರು ನಿಂತರೆ ಎರಡೇ ದಿನಕ್ಕೆ ಬೆಳ್ಳಗೆ ಒಣಗಿಬಿಡುತ್ತದೆ, ಯಾವ ವಾಸನೆಯೂ ಏಳುವುದಿಲ್ಲ. ಆದರೆ ನನ್ನ ಅಡುಗೆಮನೆಯ ಮೂಲೆಯಲ್ಲಿ ಒಂದು ಹಿತ್ತಾಳೆ ಕೊಡ ಇದೆ. ಅದರ ಬಾಯಿಗೆ ಮೂಗು ಒಡ್ಡಿದರೆ ಆ ಹಳೆಯ ಹೂಳು ಇನ್ನೂ ಒಳಗೆ ಕೂತಿದೆ. ಎಷ್ಟು ಹುಣಸೆಹಣ್ಣು ಹಾಕಿ ತಿಕ್ಕಿದೆನೋ ಲೆಕ್ಕವಿಲ್ಲ, ಹೋಗಲೊಲ್ಲದು. ಪುಷ್ಯಮಾಸ ಬಂತೆಂದರೆ ನನಗೆ ಕೂತಲ್ಲಿ ಕೂಡಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಮನೆಯವರು, ಥಂಡಿಗೆ ನಿನಗ ಏನೋ ಆಕೈತಿ, ಡಾಕ್ಟರಿಗೆ ತೋರಿಸು ಅನ್ನುತ್ತಾರೆ. ಥಂಡಿಗೆ ಆಗುವುದಲ್ಲ ಅದು. ಯಾತಕ್ಕೆ ಆಗುವುದು ಅಂತ ಈ ಸಲ ಹೇಳಿಬಿಡುತ್ತೇನೆ, ಒಳಗೆ ಇಟ್ಟುಕೊಂಡು ಸಾಕಾಗಿದೆ.

ನಮ್ಮ ಓಣಿ ಕಾಲುವೆಗೆ ಬೆನ್ನು ಹಚ್ಚಿಕೊಂಡಿತ್ತು. ಹಿತ್ತಲ ಬಾಗಿಲು ತೆಗೆದರೆ ಹತ್ತು ಹೆಜ್ಜೆಗೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಪಕ್ಕಕ್ಕೆ ಬೇವಿನ ಮರದ ಕೆಳಗೆ ಗಂಗವ್ವನ ಕಟ್ಟೆ. ಗಂಗವ್ವ ಅಂದರೆ ಕುಂಕುಮ ಹಚ್ಚಿದ ಒಂದು ಗುಂಡುಕಲ್ಲು, ಅಷ್ಟೆ. ಕಾಲುವೆ ಮಾತ್ರ ರಾಯರ ಕಾಲದ್ದು. ಹಂಪಿಯ ಅರಸರು ತೋಡಿಸಿದ್ದು ಅಂತ ಶಾಲೆಯಲ್ಲಿ ಹೇಳಿಕೊಟ್ಟದ್ದನ್ನು ನಾನು ಮನೆಯಲ್ಲಿ ಒಪ್ಪಿಸಿದರೆ ಅಜ್ಜಿ ಮೂಗು ಮುರಿಯುತ್ತಿದ್ದಳು. "ತೋಡಿಸಿದೋರ ಹೆಸರು ಹೇಳ್ತಾರ ನಿಮ್ಮ ಮಾಸ್ತರು, ತೋಡಿದೋರ ಹೆಸರು ಹೇಳಾಕ ಹೇಳು ನೋಡೋಣು" ಅನ್ನುವಳು. ವರ್ಷಕ್ಕೊಮ್ಮೆ, ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆಯ ಆಸುಪಾಸಿನಲ್ಲಿ, ಹೂಳು ತೆಗೆದು ಸಡಿಲಾದ ಕಲ್ಲು ಕಟ್ಟಲಿಕ್ಕೆ ನೀರು ನಿಲ್ಲಿಸುತ್ತಿದ್ದರು. ಅದು ನಮ್ಮೂರಿನ ಚಳಿಗಾಲದ ನಟ್ಟನಡು. ಬೆಳಿಗ್ಗೆ ಬಾಯಿಂದ ಹೊಗೆ ಬರುವಷ್ಟು ಚಳಿಯೇನೂ ನಮ್ಮ ಕಡೆ ಬೀಳುವುದಿಲ್ಲ, ಆದರೂ ಹೆಂಗಸರು ಕೌದಿ ಹೊದ್ದುಕೊಂಡು, ಕಬ್ಬಿನ ರವದಿಗೆ ಬೆಂಕಿ ಹಚ್ಚಿ, ಸುತ್ತ ಕೂತು ಕಡಲೆಗಿಡ ಸುಟ್ಟು ತಿನ್ನುತ್ತ, ಹಿಂದೆಂದೂ ಬೀಳದ ಥಂಡಿ ಈ ವರ್ಷವೇ ಬಿದ್ದಿದೆ ಅಂತ ಪ್ರತಿ ವರ್ಷ ಮಾತಾಡುತ್ತಿದ್ದರು. ಸಜ್ಜೆರೊಟ್ಟಿಗೆ ಎಳ್ಳು ಹಚ್ಚುವ ದಿನಗಳು. ಗಾಣದ ಕಡೆಯಿಂದ ಗಾಳಿ ಬೀಸಿದರೆ ಬೆಲ್ಲ ಕುದಿಯುವ ಘಮ, ಕಾಲುವೆಯ ಕಡೆಯಿಂದ ಬೀಸಿದರೆ ಹೂಳಿನ ವಾಸನೆ.

ನೀರು ನಿಂತ ಮೇಲೆ ಮೂರು ದಿನ ಓಣಿಯ ಹೆಂಗಸರೆಲ್ಲ ಕಾಲುವೆಗೆ ಇಳಿಯುತ್ತಿದ್ದರು. ವರ್ಷವಿಡೀ ಅಲ್ಲೇ ಪಾತ್ರೆ ಬೆಳಗಿದವರು, ಅಲ್ಲೇ ಬಟ್ಟೆ ಒಗೆದವರು, ಅಲ್ಲೇ ಎಷ್ಟೋ ಕಳಕೊಂಡವರು. ಕೈಜಾರಿದ ಚರಿಗೆ, ಗಂಗಾಳ, ಸೌಟು, ಒಮ್ಮೊಮ್ಮೆ ಕಾಲುಂಗುರ. ಮೊಣಕಾಲು ಮಟ ಹೂಳಿನಲ್ಲಿ ನಿಂತು ಕೈಯಾಡಿಸಿ ಹುಡುಕುತ್ತಿದ್ದರು. ಅಲ್ಲೊಂದು ಗಟ್ಟಿ ರೂಢಿ ಇತ್ತು. ಯಾರಿಗೆ ಏನೇ ಸಿಗಲಿ, ಸ್ವಂತದ್ದೇ ಸಿಗಲಿ, ನೇರ ಮನೆಗೆ ಒಯ್ಯುವ ಹಾಗಿಲ್ಲ. ತಂದು ಗಂಗವ್ವನ ಕಟ್ಟೆಯ ಮೇಲೆ ಇಡಬೇಕು. ಪಾತ್ರೆಯ ಮೇಲೆ ಕೊರೆಸಿದ ಹೆಸರನ್ನು ಎಲ್ಲರ ಎದುರು ಗಟ್ಟಿಯಾಗಿ ಓದಬೇಕು. ಆಮೇಲೇ ಅದು ಅವರವರ ಮನೆಗೆ. ಓದದ ಪಾತ್ರೆ ಮನೆಗೆ ಒಯ್ದರೆ ಗಂಗವ್ವ ಒಪ್ಪುವುದಿಲ್ಲ ಅನ್ನುವರು. ನಮ್ಮಲ್ಲಿ ಹೆಸರು ಹಾಕಿಸದೆ ಒಂದು ಲೋಟವನ್ನೂ ಕೊಳ್ಳುತ್ತಿರಲಿಲ್ಲವಲ್ಲ, ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರದಲ್ಲಿ ಇಡೀ ಊರಿನ ಕಥೆಯೇ ಇರುತ್ತಿತ್ತು. ಒಂದು ವರ್ಷ ನಮ್ಮ ಓಣಿಯ ಮಾಸ್ತರ ಮನೆಯ ಚರಿಗೆ ಸಿಕ್ಕಿತು, ಮಾಸ್ತರ ಹೆಸರಿನ ಪಕ್ಕ ಅವರ ಹೆಂಡತಿಯದಲ್ಲದ ಇನ್ನೊಬ್ಬಳ ಹೆಸರು. ಮದುವೆ ಗೊತ್ತಾಗಿ ಪಾತ್ರೆಗೆ ಹೆಸರೂ ಬಿದ್ದ ಮೇಲೆ ಆ ಸಂಬಂಧ ತಪ್ಪಿತ್ತಂತೆ. ಮಾಸ್ತರ ಹೆಂಡತಿಗೆ ಅದು ಗೊತ್ತಾದದ್ದು ಕಟ್ಟೆಯ ಮೇಲೆ. ಸಂಕ್ರಾಂತಿ ಮುಗಿಯುವ ತನಕ ಓಣಿಗೆ ಬೇರೆ ಸುದ್ದಿಯೇ ಬೇಕಾಗಲಿಲ್ಲ.

ಓದುವವಳು ನಾನು. ಒಂಬತ್ತು ವರ್ಷ ಆಗ ನನಗೆ, ಮೂರನೇ ಇಯತ್ತೆ. ಮೊದಲು ಓದುತ್ತಿದ್ದ ಹುಡುಗಿ ಮದುವೆಯಾಗಿ ಸಂಡೂರಿಗೆ ಹೋದಳು, ಗಂಡಸರು ಬೆಳಗಾಗುವಷ್ಟರಲ್ಲಿ ಗದ್ದೆಗೆ, ಡ್ಯಾಮಿನ ಕೆಲಸಕ್ಕೆ ಹೋಗಿಬಿಡುವರು, ಪಾತ್ರೆಯ ಸುದ್ದಿಗೆ ಅವರು ತಲೆ ಹಾಕುತ್ತಲೂ ಇರಲಿಲ್ಲ. ಉಳಿದ ಹೆಂಗಸರಿಗೆ ಯಾರಿಗೂ ಅಕ್ಷರ ಬಾರದು. ಹಾಗಾಗಿ ಲಂಗ ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆ ಹತ್ತಿ ನಿಲ್ಲುತ್ತಿದ್ದೆ. ಅಯ್ಯೋ, ಎಷ್ಟು ಜಂಬ ನನಗೆ. ಪಾತ್ರೆಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿಂದ ಕೆಸರು ಒರೆಸಿ, ಓದುವ ಮೊದಲು ಬೇಕೆಂದೇ ಸುಮ್ಮನೆ ನಿಲ್ಲುತ್ತಿದ್ದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡಬೇಕು, ಅದು ನನಗೆ ಬೇಕಾಗಿತ್ತು. ಅಜ್ಜಿ ಕೆಳಗೆ ಕೂತು, "ನಮ್ಮ ಶಾಂತಿ ಓದಿದ್ರ ಓದಿದಂಗ" ಅಂತ ಪಕ್ಕದವರಿಗೆ ಹೇಳುತ್ತಿದ್ದಳು. ಅದೊಂದು ಮಾತಿಗೆ ನಾನು ಏನು ಬೇಕಾದರೂ ಮಾಡುತ್ತಿದ್ದೆ ಅಂತ ಈಗ ಅನ್ನಿಸುತ್ತದೆ.

ಅಜ್ಜಿಯ ಹೆಸರು ಪಾರವ್ವ. ಕಂಪ್ಲಿಯ ಮಗಳು. ಅಪ್ಪ ಅವ್ವ ಹೊಲದಲ್ಲೇ ಇರುತ್ತಿದ್ದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಬಾಯಿ ಜೋರು, ಕೈ ಅದಕ್ಕಿಂತ ದೊಡ್ಡದು. ಬಾಗಿಲಿಗೆ ಬಂದವರು ಉಣ್ಣದೆ ಹೋಗುತ್ತಿರಲಿಲ್ಲ, ಬೈಸಿಕೊಳ್ಳದೆಯೂ ಹೋಗುತ್ತಿರಲಿಲ್ಲ. ಅವಳಿಗೆ ತವರಿನಿಂದ ಬಂದದ್ದು ಅಂತ ಇದ್ದದ್ದು ಒಂದೇ ವಸ್ತು, ಒಂದು ಹಿತ್ತಾಳೆ ಕೊಡ. ಅವರಪ್ಪ ಮದುವೆಯಲ್ಲಿ ಕೊಟ್ಟದ್ದು. ಕಂಪ್ಲಿಯ ಮನೆ ಬಿದ್ದುಹೋಗಿ, ಅಣ್ಣತಮ್ಮಂದಿರು ಚದುರಿಹೋಗಿ, ತವರು ಅನ್ನಲಿಕ್ಕೆ ಅವಳಿಗೆ ಉಳಿದದ್ದು ಆ ಕೊಡವೇ. ಹಬ್ಬದ ದಿನ ಅದರಲ್ಲೇ ನೀರು ತುಂಬುತ್ತಿದ್ದಳು, ಬೇರೆ ದಿನ ಗೋಡೆಗೆ ಹೊಡೆದ ಅಡ್ಡಗಿ ಹಲಗೆಯ ಮೇಲೆ ಬೋರಲು ಹಾಕಿ ಇಡುತ್ತಿದ್ದಳು. ನಮಗೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಮುಟ್ಟುತ್ತಿದ್ದವಳು ಒಬ್ಬಳೇ, ಹುಲಿಗೆವ್ವ.

ಹುಲಿಗೆವ್ವ ಓಣಿಯ ನಾಲ್ಕು ಮನೆಗಳಿಗೆ ಪಾತ್ರೆ ಬೆಳಗಿಕೊಡುತ್ತಿದ್ದ ಹೆಣ್ಣುಮಗಳು. ಗಂಡ ತೀರಿಕೊಂಡಿದ್ದ, ಕಂಕುಳಲ್ಲಿ ಕೂಸು. ಇಪ್ಪತ್ತೈದರ ಮೇಲೆ ಇರಲಿಕ್ಕಿಲ್ಲ ಆಗ. ಬೂದಿ, ಹುಣಸೆಹಣ್ಣು, ತೆಂಗಿನ ಜುಂಗು ಇಟ್ಟುಕೊಂಡು ಅವಳು ಕೂತರೆ ಪಾತ್ರೆಯಲ್ಲಿ ಮುಖ ಕಾಣುತ್ತಿತ್ತು. ಮಾತು ಕಡಿಮೆ. ನನಗೆ ಮಾತ್ರ ಗಂಗಾಳದಲ್ಲಿ ನನ್ನದೇ ಮುಖ ತೋರಿಸಿ, "ಈ ಹುಡುಗಿ ಯಾರಬೇ, ಮೂಗು ಸೋರತೈತಿ" ಅನ್ನುತ್ತಿದ್ದಳು. ಆ ವರ್ಷ ದೀಪಾವಳಿಗೆ ಮನೆಯ ಪಾತ್ರೆಗಳನ್ನೆಲ್ಲ ಕಾಲುವೆಗೆ ಹೊತ್ತು ಬೆಳಗಿ ತಂದಳು. ಕಾಲುವೆ ತುಂಬಿ ಹರಿಯುತ್ತಿತ್ತು. ಅಜ್ಜಿ ಎಲ್ಲವನ್ನೂ ಅಡ್ಡಗಿಗೆ ಏರಿಸುವಾಗ ತವರಿನ ಕೊಡ ಇಲ್ಲ. ಹುಲಿಗೆವ್ವ ಮೆಟ್ಟಿಲಿಗೆ ಓಡಿದಳು, ಬಂದಳು, ಮತ್ತೆ ಓಡಿದಳು. ಬೋರಲು ಹಾಕಿದ್ದೆ, ಕೆಳಗಿನ ಮೆಟ್ಟಿಲ ಮೇಲೆ ಇಟ್ಟಿದ್ದೆ, ಸೆಳವು ಒಯ್ದಿರಬೇಕು ಅಂದಳು. ಅಜ್ಜಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹಬ್ಬಕ್ಕೆ ನೀರಿಗೆ ಬಂದ ಹೆಂಗಸರೆಲ್ಲ ನಿಂತಿದ್ದಂತೆಯೇ ಕಟ್ಟೆಯ ಹತ್ತಿರ ಹೋಗಿ ಅಂದುಬಿಟ್ಟಳು, "ಅಷ್ಟು ಪಾತ್ರ್ಯಾಗ ಅದೊಂದ ಹ್ಯಾಂಗ ಹೋತು? ನನ್ನ ತವರಿನ ಕೊಡ ನೀನ ಒಯ್ದೀಯ."

ಹುಲಿಗೆವ್ವ ಅಳಲಿಲ್ಲ. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, "ಅವ್ವಾರ, ನನ್ನ ಕೈ ಸುದ್ದ ಐತ್ರಿ. ಎಳ್ಳಮಾಸಿಗೆ ಕಾಲುವಿ ಬಂದ್ ಆಕೈತಿ. ಕೊಡ ಅಲ್ಲೇ ಐತಿ, ಸಿಗತೈತಿ. ಶಾಂತವ್ವ ಓದ್ತಾಳ. ಅಲ್ಲಿ ಮಟ ತಡೀರಿ" ಅಂದಳು. ತಿಪ್ಪವ್ವ, ನಿಂಗವ್ವ, ಎದುರು ಮನೆಯ ಮಾಬವ್ವ, ಎಲ್ಲರೂ ಅದಕ್ಕೆ ಒಪ್ಪಿದರು. ಎಳ್ಳಮಾಸಿಯ ತನಕ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಅವಳು ದಿನಾ ಬೆಳಿಗ್ಗೆ ಬಂದು ಮೆಟ್ಟಿಲ ಮೇಲೆ ನಿಂತು ನೀರು ನೋಡಿ ಹೋಗುವಳು. ನಾನು ಶಾಲೆಗೆ ಹೋಗುವಾಗ, "ಚಂದಗೆ ಓದೋದು ಕಲಿಬೇ" ಅನ್ನುವಳು. ಆಡುತ್ತಿದ್ದದ್ದು ಅಷ್ಟೇ ಮಾತು.

ಆ ಸಲ ನೀರು ನಿಂತಾಗ ಮೊದಲು ಇಳಿದವಳು ಹುಲಿಗೆವ್ವ. ಎರಡು ದಿನ ಹುಡುಕಿದರು. ಬೇಕಾಗದ ಸಾಮಾನೆಲ್ಲ ಸಿಕ್ಕಿತು, ಕೊಡ ಸಿಗಲಿಲ್ಲ. ಒಂದು ಕಲ್ಲು ಕೂಡ ಸಿಕ್ಕಿತು, ಹೂಳು ತೆಗೆಯುವಾಗ ದಂಡೆಯಲ್ಲಿ ಹೊರಬಿದ್ದದ್ದು, ಅದರ ತುಂಬ ಹಳೇ ಅಕ್ಷರ. ಹೆಂಗಸರು ನನ್ನನ್ನು ಎಳಕೊಂಡು ಹೋಗಿ ಓದು ಅಂದರು. ನನಗೆ ಒಂದಕ್ಷರ ತಿಳಿಯಲಿಲ್ಲ, ನಾಚಿಕೆಯಾಯಿತು. ಅಜ್ಜಿ ಬೆಂಕಿ ಕಾಯಿಸುತ್ತ, "ಆ ಕಾಲದೋರು ತಮ್ಮ ಕಲ್ಲು ಯಾರಾರ ಒಯ್ದಾರಂತ ಹೆಸರು ಹಾಕಿಸಿರಬೇಕು" ಅಂದಳು. ಎಲ್ಲರೂ ನಕ್ಕರು. ನಕ್ಕ ಮೇಲೆ ಎಲ್ಲರಿಗೂ ಹುಲಿಗೆವ್ವ ಅಲ್ಲೇ ಹೂಳಿನಲ್ಲಿ ನಿಂತಿರುವುದು ನೆನಪಾಯಿತು. ಮೂರನೆಯ ದಿನ ಬಿಸಿಲು ಏರುವ ಹೊತ್ತಿಗೆ, ಕೆಳಗಿನ ಸೇತುವೆಯ ಬುಡದಲ್ಲಿ, ಮಾಬವ್ವನ ಕೈಗೆ ಕೊಡ ಸಿಕ್ಕಿತು. ಒಂದು ಬದಿ ನೆಗ್ಗಿತ್ತು, ಮೈಯೆಲ್ಲ ಕರ್ರಗೆ ಮೆತ್ತಿಕೊಂಡಿತ್ತು. ಮಾಬವ್ವ ಅದನ್ನು ಎತ್ತಿ ಹಿಡಿದದ್ದೇ ಹುಲಿಗೆವ್ವ ದೂರದಿಂದಲೇ, "ಅದ. ಅದ ಕೊಡ" ಅಂದಳು.

ಕೊಡ ಕಟ್ಟೆಗೆ ಬಂತು. ನಾನು ಹತ್ತಿ ನಿಂತೆ. ಹುಲಿಗೆವ್ವ ತನ್ನ ಸೆರಗಿನಿಂದಲೇ ಅದರ ಹೆಗಲು ಒರೆಸಿ ನನ್ನ ಕೈಗೆ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ. ಅಕ್ಷರಗಳಿದ್ದವು. ಕೆಸರಿನಲ್ಲಿ ಅರ್ಧ ಮುಚ್ಚಿದ್ದರೂ ಇದ್ದವು, ಒಂದೂ ಅಳಿಸಿರಲಿಲ್ಲ. ಎಂದಿನಂತೆ ಸುಮ್ಮನೆ ನಿಂತು, ಜಂಬದಲ್ಲೇ, ಕೆಳಗೆ ನೋಡಿದೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಜ್ಜಿ ಮಾತ್ರ ಕೊಡ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಮುಖ ಹಾಗೆ ಬಿಳಿಚಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ. ಇಡೀ ಓಣಿಯ ಎದುರು ಅಂದ ಮಾತು, ಇಡೀ ಓಣಿಯ ಎದುರೇ ಈಗ ಸುಳ್ಳಾಗುತ್ತಿತ್ತು, ಸುಳ್ಳು ಮಾಡುವವಳು ನಾನು. ನನ್ನ ಅಜ್ಜಿಗೆ ಎಲ್ಲರ ಎದುರು ಮರ್ಯಾದೆ ಹೋಗುತ್ತದೆ ಅನ್ನುವುದೊಂದು ತಲೆಯಲ್ಲಿ ತುಂಬಿಕೊಂಡಿತು. "ಹೆಸರಿಲ್ಲ" ಅಂದೆ.

"ಸರಿ ನೋಡಬೇ" ಅಂದಳು ಹುಲಿಗೆವ್ವ. ಹುಣಸೆಹಣ್ಣು ತಂದು ಅವಳೇ ತಿಕ್ಕಿದಳು, ನೀರು ಹಾಕಿದಳು. ಅಕ್ಷರಗಳು ಇನ್ನೂ ಹೊಳೆದವು. ಬೆರಳಿಂದ ಅದೇ ಜಾಗ ಮುಟ್ಟಿ, "ಇಲ್ಲಿ ಏನೋ ಐತಲ್ಲ, ಕೈಗೆ ಹತ್ತತೈತಿ" ಅಂದಳು. ಅವಳ ಬೆರಳು ನಮ್ಮ ಅಜ್ಜಿಯ ಹೆಸರಿನ ಮೇಲೇ ಇತ್ತು. "ಅದು ಹೂವಿನ ಗೆರಿ, ಹೆಸರಲ್ಲ" ಅಂದೆ ನಾನು. ಎರಡನೇ ಸಲ ಅನ್ನುವಾಗ ಮೊದಲಿನಷ್ಟು ಕಷ್ಟವಾಗಲಿಲ್ಲ, ಅದೇ ನನಗೆ ಇವತ್ತಿಗೂ ಹೇಸಿಗೆ ಹುಟ್ಟಿಸುವ ಸಂಗತಿ. ತಿಪ್ಪವ್ವ ನಿಟ್ಟುಸಿರು ಬಿಟ್ಟು, ಹಿತ್ತಾಳಿ ಕೊಡ ಎಲ್ಲಾ ಒಂದ ನಮೂನಿ ಇರತಾವು ಬಿಡವ್ವ ಅಂದಳು. ಹೆಂಗಸರು ಒಬ್ಬೊಬ್ಬರೇ ಎದ್ದರು. ಹುಲಿಗೆವ್ವ ನನ್ನ ಮುಖವನ್ನೇ ನೋಡುತ್ತ ನಿಂತಳು. ಕೂಸು ಅಳತೊಡಗಿದ ಮೇಲೆ ಹೋದಳು.

ಮನೆಗೆ ಬಂದ ಮೇಲೆ ಅಜ್ಜಿ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದಳು. ರೊಟ್ಟಿ ಹಂಚಿನಲ್ಲೇ ಸೀದುಹೋಯಿತು. ಆಮೇಲೆ ನನ್ನ ಕಡೆ ತಿರುಗದೆಯೇ, "ಯಾಕ ಹಂಗಂದಿ?" ಅಂತ ಕೇಳಿದಳು. ಶಹಬ್ಬಾಸ್ ಅನ್ನುತ್ತಾಳೆ ಅಂತ ಕಾದಿದ್ದೆ ನಾನು. "ನಿನ್ನ ಸಲುವಾಗಿ" ಅಂದೆ. ಅವಳು ಎದ್ದು ಬಾಗಿಲ ತನಕ ಹೋದಳು, ಚಪ್ಪಲಿ ಮೆಟ್ಟಿದಳು, ಹೊಸ್ತಿಲಲ್ಲಿ ನಿಂತಳು. ಅವಳು ದಾಟಿಬಿಟ್ಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಒಂದು ಹೊಸ್ತಿಲು, ನಾಲ್ಕು ಮನೆ, ಒಂದು ಮಾತು. ದಾಟಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಸೀದ ರೊಟ್ಟಿಯನ್ನು ತಾನೇ ತಿಂದಳು.

ಹೆಸರಿಲ್ಲದ ಪಾತ್ರೆ ಗಂಗವ್ವನ ಪಾಲಿಗೆ ಹೋಗಬೇಕು. ಕಾಲುವೆಯ ಕಲ್ಲು ಕಟ್ಟಲು ಬಂದ ಗೌಂಡಿಗೆ ಹೇಳಿ ಅಜ್ಜಿಯೇ ಆ ಕೊಡವನ್ನು ಕಟ್ಟೆಯಲ್ಲಿ ಹುಗಿಸಿ ಗಾರೆ ಹಾಕಿಸಿದಳು. ಕುತ್ತಿಗೆಯ ತನಕ ಒಳಗೆ, ಬಾಯಿ ಮಾತ್ರ ಹೊರಗೆ, ಹಕ್ಕಿಗಳು ನೀರು ಕುಡಿಯಲಿ ಅಂತ. ಹೆಸರು ಗಾರೆಯೊಳಗೆ ಹೋಯಿತು. ಆಮೇಲೆ ಅಜ್ಜಿ ಬದುಕಿದ್ದಷ್ಟು ದಿನ, ಚಳಿಯಿರಲಿ ಬಿಸಿಲಿರಲಿ, ಬೆಳಿಗ್ಗೆ ಎದ್ದು ಅದಕ್ಕೆ ನೀರು ತುಂಬುತ್ತಿದ್ದಳು. ತುಂಬಿ, ಅದರ ಬಾಯಂಚು ಒಮ್ಮೆ ಸವರಿ ಬರುತ್ತಿದ್ದಳು. ಊರವರು ಪಾರವ್ವನ ಪುಣ್ಯ ದೊಡ್ಡದು ಅಂದರು. ನನಗೆ ಅವಳ ಮೇಲೆ ಸಿಟ್ಟಿದೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಯಿ ತೆರೆಯುವ ಬದಲು ತನ್ನ ತವರನ್ನೇ ಹುಗಿದುಬಿಟ್ಟ ಆ ಮುದುಕಿಯನ್ನು ನೆನೆದರೆ ಸಿಟ್ಟು ಪೂರ್ತಿ ಉಳಿಯುವುದೂ ಇಲ್ಲ.

ಹುಲಿಗೆವ್ವನನ್ನು ಯಾರೂ ಮತ್ತೆ ಕರೆಯಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವಳು ಕೂಸು ಕಟ್ಟಿಕೊಂಡು ಯಶವಂತನಗರದ ಕಡೆ ಅದಿರು ಒಡೆಯುವ ಕೆಲಸಕ್ಕೆ ಹೋದಳು. ಆಗ ಹೆಂಗಸರು ಸುತ್ತಿಗೆ ಹಿಡಿದು ಕೈಯಿಂದಲೇ ಅದಿರು ಒಡೆಯುತ್ತಿದ್ದ ಕಾಲ. ವರ್ಷಕ್ಕೊಮ್ಮೆ, ಕಾಲುವೆ ನಿಂತಾಗ, ಲಾರಿ ಹತ್ತಿಕೊಂಡು ಓಣಿಗೆ ಬರುವಳು. ಸೀರೆ, ಕೂದಲು, ಉಗುರು, ರೆಪ್ಪೆ ಎಲ್ಲಾ ಅದಿರಿನ ದೂಳಿಗೆ ಕೆಂಪು. ಎಷ್ಟು ತೊಳಕೊಂಡರೂ ಆ ಕೆಂಪು ಅವಳನ್ನು ಬಿಡಲಿಲ್ಲ. ಕಟ್ಟೆಯ ಮೇಲೆ ನಾನು ಓದುವುದನ್ನು ದೂರ ನಿಂತು ಕೇಳುವಳು, ಕೊಡದ ಬಾಯಿ ನೋಡುವಳು, ಸಂಜೆಯ ಲಾರಿಗೆ ಹೋಗುವಳು. ಬೇರೆಯವರ ಹೆಸರುಗಳನ್ನು ಸರಿಯಾಗಿ ಓದುತ್ತಿದ್ದೆ ನಾನು. ದನಿ ಮಾತ್ರ ಮೊದಲಿನ ಹಾಗೆ ಏಳುತ್ತಿರಲಿಲ್ಲ.

ಹತ್ತು ಹನ್ನೆರಡು ವರ್ಷದ ಮೇಲೆ ಊರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಶಾಲೆ ಶುರುವಾಯಿತು. ಕಾಲೇಜು ಓದುತ್ತಿದ್ದ ನಾವೇ ಕಲಿಸುವವರು. ಒಂದು ಸಂಜೆ ಹಲಗೆ ಹಿಡಿದು ಹುಲಿಗೆವ್ವ ಬಂದು ಮುಂದಿನ ಸಾಲಿನಲ್ಲೇ ಕೂತಳು. ಅವಳು ಗಣಿಯ ಕೆಲಸ ಬಿಟ್ಟು ಕಾಲುವೆಯ ಆಚೆ ದಂಡೆಯ ಗುಡಿಸಲಿಗೆ ವಾಪಸ್ಸು ಬಂದಿದ್ದಳು. ಎಲ್ಲರೂ ಮೊದಲು ತಮ್ಮ ಹೆಸರು ಬರೆಯಲು ಕಲಿಯುತ್ತಾರೆ. ಅವಳು, "ನಂದು ಆಮ್ಯಾಲ ಕಲ್ತರಾತು. ಪಾರವ್ವ ಅಂತ ಹ್ಯಾಂಗ ಬರೀತಾರ, ಅದನ್ನ ತೋರಿಸು" ಅಂದಳು. ನನ್ನ ಕೈಯಲ್ಲಿದ್ದ ಸುಣ್ಣದ ಕಡ್ಡಿ ಮುರಿಯಿತು. ಬರೆದು ತೋರಿಸಿದೆ, ಇನ್ನೇನು ಮಾಡಲಿ. ಅವಳು ಹಲಗೆ ತುಂಬ ಅದನ್ನೇ ಬರೆದಳು, ಒರೆಸಿದಳು, ಮತ್ತೆ ಬರೆದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಹಲಗೆಯ ಮೇಲೆ ಬೆರಳಾಡಿಸಿದಳು. ಅವತ್ತು ಕೊಡದ ಹೆಗಲ ಮೇಲೆ ಆಡಿಸಿದ ಹಾಗೆಯೇ. ನಾನು ಏನಾದರೂ ಹೇಳುತ್ತೇನೆ ಅಂತ ಕಾದಳು. ಅಜ್ಜಿ ಇನ್ನೂ ಬದುಕಿದ್ದಳು, ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು, ನೆವಕ್ಕೆ ಬರವೇ. ಹೇಳಲಿಲ್ಲ. ಅಜ್ಜಿ ಹೋದ ಮೇಲೂ ಹೇಳಲಿಲ್ಲ. ಮದುವೆಯಾಗಿ ಮರಿಯಮ್ಮನಹಳ್ಳಿಗೆ ಹೋದೆ, ಅಲ್ಲಿಯ ಶಾಲೆಯಲ್ಲಿ ಟೀಚರಾದೆ. ಮೂವತ್ತು ವರ್ಷ ಮಕ್ಕಳಿಗೆ ಗಟ್ಟಿಯಾಗಿ ಓದಿರಿ, ಇದ್ದದ್ದನ್ನು ಇದ್ದ ಹಾಗೆ ಓದಿರಿ ಅಂತ ಹೇಳಿಕೊಟ್ಟೆ, ಸಂಬಳ ತಗೊಂಡೆ.

ಕೆಲವು ವರ್ಷದ ಹಿಂದೆ, ಇಂಥದೇ ಚಳಿಗಾಲದಲ್ಲಿ, ಫೋನು ಬಂತು. ಹುಲಿಗೆವ್ವನ ಮೊಮ್ಮಗಳಂತೆ. "ಕಾಲುವಿಗೆ ಕಾಂಕ್ರೀಟ್ ಹಾಕಾಕತ್ತಾರ್ರಿ ಟೀಚರ್. ಜೆಸಿಬಿ ಬಂದು ಕಟ್ಟಿ ಒಡದೈತಿ. ನಮ್ಮಜ್ಜಿ ನಿಮಗ ಜಲ್ದಿ ಬಾ ಅಂತಾಳ್ರಿ" ಅಂದಳು. ಬೆಳಗಿನ ಮೊದಲ ಬಸ್ಸು ಹತ್ತಿದೆ. ಸಾಲು ಸಾಲು ಲಾರಿಗಳ ಹಿಂದೆ ಬಸ್ಸು ತೆವಳುತ್ತಿದ್ದರೆ, ಇಳಿದು ಓಡಿಬಿಡೋಣ ಅನ್ನಿಸುತ್ತಿತ್ತು. ಓಣಿಯ ಗುರುತೇ ಹತ್ತಲಿಲ್ಲ. ನಮ್ಮ ಮನೆಯ ಜಾಗದಲ್ಲಿ ಯಾರದೋ ಮೂರಂತಸ್ತಿನ ಮನೆ. ತಿಪ್ಪವ್ವ, ನಿಂಗವ್ವ, ಮಾಬವ್ವ ಎಂದೋ ಹೋಗಿದ್ದರು, ಅವರ ಮಕ್ಕಳೂ ಮನೆ ಮಾರಿಕೊಂಡು ಹೋಗಿದ್ದರು. ಬೇವಿನ ಮರ ಇರಲಿಲ್ಲ. ಕಟ್ಟೆ ಇದ್ದಲ್ಲಿ ಕಲ್ಲಿನ ರಾಶಿ, ರಾಶಿಯ ಮೇಲೆ, ಫೋನು ಮಾಡಿದ ಮೊಮ್ಮಗಳ ಪಕ್ಕ, ಶಾಲು ಹೊದ್ದ ಮುದುಕಿ. ಕಣ್ಣ ರೆಪ್ಪೆಯ ಬುಡದಲ್ಲಿ ಆಗಲೂ ಆ ಕೆಂಪು ಇತ್ತೋ ಅಥವಾ ನನಗೆ ಹಾಗೆ ಕಂಡಿತೋ, ಗೊತ್ತಿಲ್ಲ.

"ವಾಚ್‌ಮನ್ ಶೆಡ್ಡಿನಾಗ ಐತಿ, ತಗೊಂಬಾ" ಅಂದಳು. ಕ್ಷೇಮ ಸಮಾಚಾರ ಏನೂ ಇಲ್ಲ. ಹೋದೆ. ಸಿಮೆಂಟು ಚೀಲಗಳ ನಡುವೆ ಕೊಡ ಇತ್ತು, ಗಾರೆ ಕೆತ್ತಿ ತೆಗೆದು, ಬೆಳಗಿ ಇಟ್ಟಿದ್ದಳು. ನೆಗ್ಗಿದ ಬದಿ ಹಾಗೇ ಇತ್ತು. ತಂದು ಅವಳ ಮುಂದೆ ಇಟ್ಟು, ಮನಿಗೆ ಒಯ್ದು ಇಟ್ಕೊಂಡ್ರ ಆಗತಿತ್ತಲ್ಲ ಹುಲಿಗೆವ್ವ, ಈ ಥಂಡ್ಯಾಗ ಯಾಕ ಇಲ್ಲಿ ಕುಂತಿ ಅಂದೆ.

"ಓದದ ಪಾತ್ರಿ ಮನಿಗೆ ಒಯ್ಯಂಗಿಲ್ಲ, ಮರತಿ ಏನು?" ಅಂದಳು. ಕೊಡದ ನೆಗ್ಗಿದ ಬದಿ ಮುಟ್ಟಿ, "ಒಯ್ದಿದ್ರ ನಿಮ್ಮಜ್ಜಿ ಅಂದದ್ದ ಖರೆ ಆಕ್ಕಿತ್ತು" ಅಂದಳು.

"ನಿನಗ ಓದಾಕ ಬರತೈತಿ. ನಾನ ಕಲಿಸೀನಿ."

"ಬರತೈತಿ. ನಿನ್ನೆನ ಓದೀನಿ. ನಾ ಓದಿದ್ರ ಏನು ಬಂತು. ಅವತ್ತು ಇಲ್ಲ ಅಂದಾಕಿ ನೀನು. ನೀನ ಓದಬೇಕು."

ನಾನು ತಪ್ಪಾಯ್ತು ಅನ್ನಲು ಹೋದೆ. ಅವಳು ಕೈ ಎತ್ತಿ ತಡೆದಳು, ಓದು ಅಂದಳು. ಓದಿದೆ, ದನಿ ಹೊರಡಲಿಲ್ಲ. "ಹಂಗಲ್ಲ. ಮ್ಯಾಲ ಹತ್ತಿ ನಿಂತು ಓದು. ಎಲ್ಲಾರಿಗೂ ಕೇಳಂಗ" ಅಂದಳು. ಮೊಮ್ಮಗಳನ್ನು ಬಿಟ್ಟರೆ ಸುತ್ತ ಯಾರೂ ಇರಲಿಲ್ಲ. ಜೆಸಿಬಿಯ ಡ್ರೈವರು ಒಬ್ಬ ಬೀಡಿ ಸೇದುತ್ತ ಕೂತಿದ್ದ, ಬೇರೆ ಸೀಮೆಯವನು, ಅವನಿಗೆ ಕನ್ನಡವೂ ಬಾರದು. ಐವತ್ತು ದಾಟಿದ ನಾನು ಚಪ್ಪಲಿ ಬಿಟ್ಟು, ಒಡೆದ ಕಲ್ಲುಗಳ ಮೇಲೆ ಬೀಳುತ್ತ ಏಳುತ್ತ ಹತ್ತಿ ನಿಂತು, ಕೊಡವನ್ನು ಬೆಳಕಿಗೆ ಹಿಡಿದೆ. "ಕಂಪ್ಲಿ ದೊಡ್ಡಬಸಪ್ಪನ ಮಗಳು ಪಾರವ್ವ" ಅಂತ ಗಟ್ಟಿಯಾಗಿ ಓದಿದೆ. ನೀರಿಲ್ಲದ ಕಾಲುವೆಯ ಉದ್ದಕ್ಕೂ ನನ್ನ ದನಿ ಹೋಯಿತು.

ಹುಲಿಗೆವ್ವ ಕೂತಲ್ಲೇ ತಿರುಗಿದಳು. ಹಿಂದೆ ಬೆಂಕಿ ಹಾಕುತ್ತಿದ್ದ ಜಾಗದ ಕಡೆ, ಅವರವರು ಕೂತುಕೊಳ್ಳುತ್ತಿದ್ದ ಜಾಗವನ್ನೇ ನೋಡಿ, ಒಬ್ಬೊಬ್ಬರನ್ನೇ ಕರೆದಳು. "ತಿಪ್ಪವ್ವ, ಕೇಳಿಸ್ತೇನು? ನಿಂಗವ್ವ, ಕೇಳಿಸ್ತೇನು? ಮಾಬವ್ವ, ನಿನ್ನ ಕೈಗೇ ಸಿಕ್ಕಿತ್ತು, ಕೇಳಿಸ್ತೇನು?" ಜೋರಾಗಿ ಅಲ್ಲ, ಪಕ್ಕದಲ್ಲಿ ಕೂತವರನ್ನು ಕೇಳುವ ಹಾಗೆ. ಒಂದೊಂದು ಹೆಸರಾದ ಮೇಲೂ ಸ್ವಲ್ಪ ತಡೆದಳು. ಕೊನೆಗೆ ಕಟ್ಟೆಯ ಎಡಗಡೆ, ನಮ್ಮಜ್ಜಿ ಕೂತುಕೊಳ್ಳುತ್ತಿದ್ದಲ್ಲಿಗೆ ತಿರುಗಿದಳು. ಅಲ್ಲಿ ಸಿಮೆಂಟಿನ ನೀರು ಹರಿದು ಗಟ್ಟಿಯಾಗಿತ್ತು. "ಪಾರವ್ವಾರ, ನಿಮ್ಮ ಕೊಡ ಸಿಕ್ಕೇತ್ರಿ" ಅಂದಳು. ಅಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ತಡೆದಳು. ನಾನು ಮೇಲೆ ನಿಂತು ಅಳುತ್ತಿದ್ದೆ, ಅವಳು ಅಳಲಿಲ್ಲ. ಮೊಮ್ಮಗಳನ್ನು ಹಿಡಿದುಕೊಂಡು ಎದ್ದು, "ಒಯ್ಯಿ, ನಿಮ್ಮದು" ಅಂದು ಹೋದಳು.

ಆ ಹುಡುಗಿಯೇ ಹೋದ ವರ್ಷ ಫೋನು ಮಾಡಿ ತನ್ನಜ್ಜಿ ಹುಲಿಗೆವ್ವ ತೀರಿಕೊಂಡಳು ಅಂದಳು. ಈ ಎಳ್ಳಮಾಸಿಗೆ ನೀರು ನಿಲ್ಲಿಸಿದ ಸುದ್ದಿ ಕೇಳಿದ್ದೇ ನಾನು ಕೊಡವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಯಾಕೆ ಹೋದೆ ಅಂದರೆ ಹೇಳಲಿಕ್ಕೆ ಬಾರದು, ಮನೆಯಲ್ಲಿ ಕೂಡಲಾಗಲಿಲ್ಲ. ಕಾಲುವೆ ಬೋಳಾಗಿತ್ತು, ಈಗ ಅಲ್ಲಿ ಯಾರೂ ಪಾತ್ರೆ ಬೆಳಗುವುದಿಲ್ಲ, ಕಳಕೊಳ್ಳುವುದೂ ಇಲ್ಲ. ಕಾಂಕ್ರೀಟಿನ ಅಂಚಿನಲ್ಲಿ ನಿಂತು ಇನ್ನೊಮ್ಮೆ ಓದಿದೆ. ಬೆಳಗಿನ ವಾಕಿಂಗಿಗೆ ಬಂದ ಒಬ್ಬರು ಟೋಪಿ ಸರಿಮಾಡಿಕೊಂಡು ನನ್ನನ್ನೇ ನೋಡುತ್ತ ಹೋದರು. ಅವಳು ಎರಡು ದಿನ ಹೂಳಿನಲ್ಲಿ ನಿಂತಿದ್ದ ಜಾಗದ ಕಡೆ ತಿರುಗಿ, "ಹುಲಿಗೆವ್ವ, ಕೇಳಿಸ್ತೇನು?" ಅಂತ ಕೇಳಿದೆ. ಬಿಸಿಲು ಏರುವ ತನಕ ಅಲ್ಲೇ ನಿಂತಿದ್ದೆ.